ಉತ್ತರ ಗೊತ್ತಿಲ್ಲದ ಪ್ರ್ಯಾಕ್ಟಿಕಲ್

ಚೆನ್ನೈನ ನುಂಗಂಬಾಕ್ಕಂನಲ್ಲಿ ಕಾಲೇಜ್ ರೋಡ್ ಎಂಬ ರಸ್ತೆಯಿದೆ. ಇಂದು ಆ ಹೆಸರು ಕೇಳಿದವರಿಗೆ ಅಲ್ಲಿರುವ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ನೆನಪಾಗುತ್ತದೆ. ಆದರೆ ರಸ್ತೆಯ ಹೆಸರು ಅದಕ್ಕಿಂತ ಹಳೆಯದು. 1812ರಲ್ಲಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಕಂಪನಿ ಅಧಿಕಾರಿಯ ಮುತುವರ್ಜಿಯಿಂದ ಮದ್ರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾಯಿತು. ಅದು ಮುಂದೆ ಕೂವಂ ನದಿಯ ದಂಡೆಗೆ, ನುಂಗಂಬಾಕ್ಕಂಗೆ ಬಂದು ನೆಲೆಸಿತು. ಇಂಗ್ಲೆಂಡಿನಿಂದ ಹೊಸದಾಗಿ ಬಂದಿಳಿದ ಎಳೆಯ ಅಧಿಕಾರಿಗಳಿಗೆ ತಮಿಳು, ತೆಲುಗು, ಕನ್ನಡಗಳನ್ನು ಕಲಿಸಿ ಪರೀಕ್ಷೆಗೆ ತಯಾರು ಮಾಡುವುದು ಅದರ ಕೆಲಸ. ಜಾನ್ ಮೆಕೆರಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದದ್ದು ಈ ಕಾಲೇಜಿನ ಮುದ್ರಣಾಲಯದಲ್ಲೇ.

ಪರೀಕ್ಷೆ ಪಾಸು ಮಾಡಿಸುವುದಕ್ಕೆಂದೇ ಹುಟ್ಟಿದ ಈ ಸಂಸ್ಥೆಯಲ್ಲಿ ಯಾರೂ ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಪಾಠ ಹೇಳುವ ಪಂಡಿತರು ಧಾತುಗಳ ಪಟ್ಟಿ ಮಾಡುತ್ತಿದ್ದರು. ಎಲ್ಲಿಸ್ ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. ಇವು ಸಂಸ್ಕೃತದಿಂದ ಹುಟ್ಟಿದ ಭಾಷೆಗಳಲ್ಲ, ತಮ್ಮದೇ ಬೇರೊಂದು ಕುಟುಂಬದವು ಎಂಬ ವಾದ 1816ರಲ್ಲಿ ಕ್ಯಾಂಪ್‌ಬೆಲ್‌ನ ತೆಲುಗು ವ್ಯಾಕರಣದ ಮುನ್ನುಡಿಗೆ ಎಲ್ಲಿಸ್ ಬರೆದ ಟಿಪ್ಪಣಿಯಾಗಿ ಹೊರಬಂತು. ಕಾಲ್ಡ್‌ವೆಲ್‌ನ ಹೆಸರಾಂತ ಗ್ರಂಥ ಬರುವುದಕ್ಕೆ ನಲವತ್ತು ವರ್ಷ ಮೊದಲಿನ ಮಾತು ಇದು. ಕಲಿಸುವ ಮೇಜು ಮತ್ತು ಹುಡುಕುವ ಮೇಜು ಒಂದೇ ಆಗಿದ್ದರಿಂದ ಅದು ಸಾಧ್ಯವಾಯಿತು.

ಆಮೇಲೆ ಆ ಎರಡು ಮೇಜುಗಳು ಬೇರೆಯಾದವು. ಅವನ್ನು ಮತ್ತೆ ಒಂದಾಗಿಸಲು, ಅದರಲ್ಲೂ ಜೀವವಿಜ್ಞಾನದಲ್ಲಿ, ನಡೆದ ಪ್ರಯತ್ನಗಳ ಕಥೆ ಇದು.

ರೆಕಾರ್ಡ್ ಪುಸ್ತಕದ ಹುಟ್ಟು

1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದಕ್ಕೆ ಮಾದರಿಯಾದದ್ದು ಅಂದಿನ ಲಂಡನ್ ವಿಶ್ವವಿದ್ಯಾಲಯ. ಅಂದರೆ ಅದು ಪಾಠ ಹೇಳುವ ವಿಶ್ವವಿದ್ಯಾಲಯವಲ್ಲ, ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯ. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪಠ್ಯ ಎಲ್ಲರಿಗೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಮಂಗಳೂರಿನ ಕಾಲೇಜಾಗಲಿ ಮದ್ರಾಸಿನ ಕಾಲೇಜಾಗಲಿ, ತನಗೆ ತೋಚಿದ್ದನ್ನು ಕಲಿಸುವ ಸ್ವಾತಂತ್ರ್ಯ ಅಧ್ಯಾಪಕರಿಗೆ ಅಷ್ಟಕ್ಕಷ್ಟೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸಂಶೋಧನೆಗೆ ಹಣ ಬಂದಾಗ ಅದರ ದೊಡ್ಡ ಪಾಲು ಕಾಲೇಜುಗಳಿಗೆ ಬರಲಿಲ್ಲ, ಬೇರೆಯೇ ಆದ ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. 1945ರಲ್ಲಿ ಶುರುವಾದ, ಮುಂಬಯಿಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್, ಅಂದರೆ ಟಿಐಎಫ್‌ಆರ್, ಅಂಥವುಗಳಲ್ಲಿ ಮುಖ್ಯವಾದದ್ದು. ಹದಿನೆಂಟು ಇಪ್ಪತ್ತರ ವಯಸ್ಸಿನವರೆಲ್ಲ ಒಂದು ಕಡೆ, ಹೊಸದನ್ನು ಹುಡುಕುವವರೆಲ್ಲ ಇನ್ನೊಂದು ಕಡೆ.

ಈ ವ್ಯವಸ್ಥೆಯ ಕೂಸು ಪ್ರ್ಯಾಕ್ಟಿಕಲ್ ರೆಕಾರ್ಡ್. ಬಿಎಸ್‌ಸಿ ಓದಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಉದ್ದೇಶ, ಬೇಕಾದ ಉಪಕರಣ, ವಿಧಾನ, ಫಲಿತಾಂಶ. ಪ್ರಯೋಗ ಮಾಡುವ ಮೊದಲೇ ಫಲಿತಾಂಶ ಎಲ್ಲರಿಗೂ ಗೊತ್ತು, ಸೀನಿಯರ್‌ಗಳ ರೆಕಾರ್ಡ್‌ನಲ್ಲಿ ಅದು ಇದ್ದೇ ಇರುತ್ತದೆ. ತನ್ನ ಅಳತೆ ಬೇರೆ ಬಂದರೆ ವಿದ್ಯಾರ್ಥಿ ತಿದ್ದುವುದು ಅಳತೆಯನ್ನು. ಅಳತೆ ಯಾಕೆ ಬೇರೆ ಬಂತು ಎಂದು ಕೇಳಿದರೆ ಅದು ಸಂಶೋಧನೆಯ ಮೊದಲ ಹೆಜ್ಜೆ. ಆದರೆ ಆ ಪ್ರಶ್ನೆಗೆ ಅಂಕವಿಲ್ಲ.

ಇದರ ಜೊತೆಗೆ ಇನ್ನೊಂದು ಗೋಡೆ ಎದ್ದಿತು, ವಿಷಯಗಳ ನಡುವಿನ ಗೋಡೆ. ಶ್ರೀನಿವಾಸ ರಾಮಾನುಜನ್ ಎಫ್.ಎ. ಪರೀಕ್ಷೆಯಲ್ಲಿ ಫೇಲಾದ ಕಥೆ ಎಲ್ಲರಿಗೂ ಗೊತ್ತು. ಮದ್ರಾಸಿನ ಪಚ್ಚೈಯಪ್ಪ ಕಾಲೇಜಿನಲ್ಲಿ ಅವರನ್ನು ಕಾಡಿದ ವಿಷಯಗಳಲ್ಲಿ ಶರೀರಶಾಸ್ತ್ರವೂ ಒಂದು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಗಣಿತಕ್ಕೂ ಜೀವವಿಜ್ಞಾನಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ ಆಮೇಲಿನ ನೂರು ವರ್ಷಗಳಲ್ಲಿ ಇನ್ನಷ್ಟು ಗಟ್ಟಿಯಾಯಿತು. ಪದವಿಯಲ್ಲಿ ಪಿಸಿಎಂ ತೆಗೆದುಕೊಂಡವರು ಒಂದು ಜಾತಿ, ಸಿಬಿಝಡ್ ತೆಗೆದುಕೊಂಡವರು ಇನ್ನೊಂದು. ಗಣಿತಕ್ಕೆ ಹೆದರಿದವರು ಬಯಾಲಜಿಗೆ ಹೋದರು, ಕಪ್ಪೆಗೆ ಹೆದರಿದವರು ಗಣಿತಕ್ಕೆ.

ಮೂವರು ಮೇಷ್ಟ್ರು

ಇಂಥ ಗೋಡೆಗಳ ನಡುವೆಯೂ ಮದ್ರಾಸಿನ ಕಾಲೇಜುಗಳಲ್ಲಿ ಸಂಶೋಧಕರೇ ಮೇಷ್ಟ್ರಾಗಿದ್ದ ಪ್ರಸಂಗಗಳಿವೆ. ಅವುಗಳಲ್ಲಿ ಎರಡು ನುಂಗಂಬಾಕ್ಕಂನವು, ಮೂರನೆಯದು ನಾಲ್ಕೈದು ಕಿಲೋಮೀಟರ್ ದೂರದ ಮರೀನಾ ಕಡಲತೀರದ್ದು.

ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ಶುರುವಾದದ್ದು 1915ರಲ್ಲಿ. 1920ರ ದಶಕದಲ್ಲಿ ಅಲ್ಲಿ ಪಾಠ ಹೇಳುತ್ತಿದ್ದವರು ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್. ಅಲ್ಲಿದ್ದಾಗಲೇ ಬಾರ್ಬರ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಸ್ನಾತಕೋತ್ತರ ಪದವಿ ಮುಗಿಸಿ ಮತ್ತೆ ಅದೇ ಕಾಲೇಜಿಗೆ ಬಂದು ಪಾಠ ಹೇಳಿದರು, ಮತ್ತೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಕಬ್ಬನ್ನು ಬೇರೆ ಹುಲ್ಲುಗಳ ಜೊತೆ ಬೆರೆಸಿದ್ದು, 1945ರಲ್ಲಿ ಸಿ. ಡಿ. ಡಾರ್ಲಿಂಗ್ಟನ್ ಜೊತೆ ಬೇಸಾಯದ ಸಸ್ಯಗಳ ಕ್ರೋಮೋಸೋಮ್ ಅಟ್ಲಾಸ್ ತಂದದ್ದು ಎಲ್ಲ ಆಮೇಲಿನವು. ತಾವೇ ಸೂಕ್ಷ್ಮದರ್ಶಕದ ಕೆಳಗೆ ಕ್ರೋಮೋಸೋಮ್ ಎಣಿಸುವವರು ಪದವಿ ತರಗತಿಯಲ್ಲಿ ಅದನ್ನು ಕಲಿಸುವುದಕ್ಕೂ ಪುಸ್ತಕ ನೋಡಿ ಕಲಿಸುವುದಕ್ಕೂ ವ್ಯತ್ಯಾಸವಿದೆ. ಆದರೆ ಕಾಲೇಜು ಅಂಥವರನ್ನು ಹೆಚ್ಚು ಕಾಲ ಉಳಿಸಿಕೊಳ್ಳಲಾರದು. ಸಂಶೋಧನೆಗೆ ಜಾಗ ಬೇರೆ ಕಡೆ ಇತ್ತು.

ಅದೇ ನುಂಗಂಬಾಕ್ಕಂನಲ್ಲಿ 1925ರಲ್ಲಿ ಜೆಸ್ವಿಟ್ ಪಾದ್ರಿಗಳು ಲಯೋಲಾ ಕಾಲೇಜು ಕಟ್ಟಿದರು. 1939ರ ಹೊತ್ತಿಗೆ ಅಲ್ಲಿಗೆ ಬಂದ ಗಣಿತದ ಮೇಷ್ಟ್ರು ಫಾದರ್ ಚಾರ್ಲ್ಸ್ ರಸೀನ್. ಪ್ಯಾರಿಸ್ಸಿನಲ್ಲಿ ಎಲಿ ಕಾರ್ಟಾನ್ ಬಳಿ ಡಾಕ್ಟರೇಟ್ ಮಾಡಿದವರು. ಆಗ ಮದ್ರಾಸಿನ ಗಣಿತವೆಂದರೆ ಕೇಂಬ್ರಿಜ್ ಟ್ರೈಪಾಸ್ ಮಾದರಿಯ ಕಠಿಣ ಲೆಕ್ಕಗಳನ್ನು ಬಿಡಿಸುವ ಚಾಕಚಕ್ಯತೆ. ರಸೀನ್ ಅದನ್ನು ಬಿಟ್ಟು, ಆ ಹೊತ್ತಿಗೆ ಫ್ರಾನ್ಸಿನಲ್ಲಿ ರೂಪುಗೊಳ್ಳುತ್ತಿದ್ದ ಗಣಿತವನ್ನು ಆನರ್ಸ್ ಹುಡುಗರ ಮುಂದಿಟ್ಟರು. ಇನ್ನೂ ಮುಗಿಯದ ಗಣಿತ ಅದು. ಜಾಣ ಹುಡುಗರು ಸರ್ಕಾರಿ ನೌಕರಿಯತ್ತ ಮುಖ ಮಾಡುತ್ತಿದ್ದ ಕಾಲದಲ್ಲಿ, ಟಿಐಎಫ್‌ಆರ್‌ಗೆ ಹೋಗಿ ಎಂದು ಹುರಿದುಂಬಿಸಿದರು. ಸಿ. ಎಸ್. ಶೇಷಾದ್ರಿ, ಎಂ. ಎಸ್. ನರಸಿಂಹನ್, ರಾಘವನ್ ನರಸಿಂಹನ್, ಸಿ. ಪಿ. ರಾಮಾನುಜಂ ಅವರ ಕೈಯಲ್ಲಿ ಕಲಿತವರು. ಶೇಷಾದ್ರಿ ಮತ್ತು ಎಂ. ಎಸ್. ನರಸಿಂಹನ್ ಜೊತೆಯಾಗಿ 1965ರಲ್ಲಿ ಪ್ರಕಟಿಸಿದ ಪ್ರಮೇಯ ಇಂದಿಗೂ ಇಬ್ಬರ ಹೆಸರಿನಲ್ಲೇ ಇದೆ. ಎಂ. ಎಸ್. ನರಸಿಂಹನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಚೆನ್ನೈಗೆ ಮರಳಿದ್ದ ಶೇಷಾದ್ರಿ 1989ರಲ್ಲಿ ಕಟ್ಟಿದ ಗಣಿತ ಶಾಲೆ ಮುಂದೆ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಆಯಿತು. 1998ರಿಂದ ಅಲ್ಲಿ ಬಿಎಸ್‌ಸಿ ಪಾಠವೂ ಶುರುವಾಯಿತು. ಸಂಶೋಧಕರೇ ಪದವಿ ವಿದ್ಯಾರ್ಥಿಗಳಿಗೆ ಕಲಿಸಬೇಕು ಎಂಬ ಹಟ ಅದರ ಹಿಂದಿತ್ತು.

ಮೂರನೆಯವರನ್ನು ಕನ್ನಡ ಓದುಗರಿಗೆ ಪರಿಚಯಿಸಬೇಕಿಲ್ಲ. ಡಿ.ವಿ.ಜಿ.ಯವರ ಮಗ ಬಿ. ಜಿ. ಎಲ್. ಸ್ವಾಮಿ 1953ರಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಮುಂದೆ ಪ್ರಿನ್ಸಿಪಾಲರು. ಅದಕ್ಕೂ ಮೊದಲು ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಜೊತೆ ಕೆಲಸ ಮಾಡಿದ್ದರು. ಹೂವಿನಲ್ಲಿ ಬೀಜ ಕಟ್ಟುವ ಭಾಗ ಮೂಲದಲ್ಲಿ ಉದ್ದಕ್ಕೆ ಮಡಿಸಿದ ಎಲೆಯಂತಿತ್ತು ಎಂದು ವಾದಿಸುವ ಅವರಿಬ್ಬರ 1951ರ ಪ್ರಬಂಧ ಸಸ್ಯವಿಕಾಸದ ಚರ್ಚೆಯಲ್ಲಿ ಬಹುಕಾಲ ಮುಖ್ಯವಾಗಿ ಉಳಿಯಿತು. ಸ್ವಾಮಿಯವರಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಹಸುರು ಹೊನ್ನು' ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ತಿರುಗಿದ ಕಥೆ. ಅದನ್ನು ನಾವು ಸಾಮಾನ್ಯವಾಗಿ ತಿಳಿಹಾಸ್ಯಕ್ಕಾಗಿ ಓದುತ್ತೇವೆ. ಅದು ಬೋಧನೆಯ ಪುಸ್ತಕವೂ ಹೌದು. ಅಲ್ಲಿ ಗಿಡ ಸ್ಪಿರಿಟ್ ಬಾಟಲಿಯಲ್ಲಿ ಸಿಗುವುದಿಲ್ಲ. ಬೇರಿಗೆ ಮಣ್ಣು, ಕಾಂಡಕ್ಕೆ ನೆರೆಯ ಮರ, ಎಲೆಗೆ ಅದನ್ನು ಮದ್ದಿಗೋ ಊಟಕ್ಕೋ ಬಳಸುವ ಜನ, ಹೆಸರಿಗೆ ಒಂದು ಕಥೆ, ಇವೆಲ್ಲದರ ಜೊತೆಗೇ ಸಿಗುತ್ತದೆ. ಜೀವವನ್ನು ಅದರ ಸಂಬಂಧಗಳ ಸಮೇತ ನೋಡುವುದನ್ನು ಆ ಹುಡುಗರು ನಡೆದು ನಡೆದು ಕಲಿತರು.

ಪ್ರಯೋಗಶಾಲೆಯ ಜೀವವಿಜ್ಞಾನ, ಇನ್ನೂ ಬೆಳೆಯುತ್ತಿರುವ ಗಣಿತ, ಇಡೀ ಜೀವಿಯನ್ನು ನೋಡುವ ಕಣ್ಣು. ಒಂದೇ ಊರಿನಲ್ಲಿ, ಒಂದು ಬಸ್ಸಿನ ದೂರದಲ್ಲಿ ಮೂರೂ ಇದ್ದವು. ಮೂವರೂ ಒಂದೇ ಕಾಲದವರಲ್ಲ ನಿಜ, ಆದರೆ ಅಡ್ಡಿ ಅದಲ್ಲ. 1950ರ ದಶಕದಲ್ಲಿ ರಸೀನ್ ಮತ್ತು ಸ್ವಾಮಿ ಒಂದೇ ವಿಶ್ವವಿದ್ಯಾಲಯದ ಕೆಳಗೆ ಪಾಠ ಹೇಳುತ್ತಿದ್ದರು. ಇಬ್ಬರ ಪಾಠವನ್ನೂ ಒಟ್ಟಿಗೆ ಕೇಳುವ ವಿದ್ಯಾರ್ಥಿಗೆ ಆ ವಿಶ್ವವಿದ್ಯಾಲಯದಲ್ಲಿ ಪದವಿಯೇ ಇರಲಿಲ್ಲ.

ಮಿಣುಕುವ ಬ್ಯಾಕ್ಟೀರಿಯಾ

ಆ ಮೂರನ್ನೂ ಒಟ್ಟಿಗೆ ಬೇಡುವ ವಿಜ್ಞಾನಕ್ಕೆ 2000ದ ಆಸುಪಾಸಿನಲ್ಲಿ ಸಿಸ್ಟಮ್ಸ್ ಬಯಾಲಜಿ ಎಂಬ ಹೆಸರು ಗಟ್ಟಿಯಾಯಿತು. ಮಾನವ ಜೀನೋಮ್‌ನ ಕರಡು ಸಿದ್ಧವಾಗುತ್ತಿದ್ದ ಕಾಲ. ಬಿಡಿಭಾಗಗಳ ಪಟ್ಟಿ ಕೈಗೆ ಬಂತು. ಅವು ಸೇರಿ ಹೇಗೆ ನಡೆಯುತ್ತವೆ ಎಂಬುದು ಪಟ್ಟಿಯಲ್ಲಿರಲಿಲ್ಲ.

2000ದ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೈಕೆಲ್ ಎಲೊವಿಟ್ಸ್ ಮತ್ತು ಸ್ಟಾನಿಸ್ಲಾಸ್ ಲೈಬ್ಲರ್ ಒಂದು ಪ್ರಯೋಗ ಪ್ರಕಟಿಸಿದರು. ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಮೂರು ಜೀನ್‌ಗಳು. ಮೊದಲನೆಯದು ಎರಡನೆಯದರ ಬಾಯಿ ಮುಚ್ಚಿಸುತ್ತದೆ, ಎರಡನೆಯದು ಮೂರನೆಯದರದ್ದು, ಮೂರನೆಯದು ಮತ್ತೆ ಮೊದಲನೆಯದರದ್ದು. ಒಂದೊಂದನ್ನೇ ನೋಡಿದರೆ ಎಲ್ಲವೂ ತಡೆಯುವ ಕೆಲಸವನ್ನೇ ಮಾಡುತ್ತವೆ. ಮೂರನ್ನೂ ಸುತ್ತು ಹಾಕಿ ಕಟ್ಟಿದರೆ ಸರದಿಯ ಮೇಲೆ ಏರಿಳಿಯುತ್ತವೆ, ಬ್ಯಾಕ್ಟೀರಿಯಾ ಹಸಿರಾಗಿ ಮಿಣುಕುತ್ತದೆ. ಯಾವ ಪರಿಸ್ಥಿತಿಯಲ್ಲಿ ಹೀಗಾಗುತ್ತದೆ ಎಂದು ಅವರು ಮೊದಲು ಸಮೀಕರಣದಲ್ಲಿ ಲೆಕ್ಕ ಹಾಕಿದರು, ಆಮೇಲೆ ಕಟ್ಟಿ ನೋಡಿದರು. ಮಿಣುಕಿತು, ಆದರೆ ಲೆಕ್ಕದಷ್ಟು ಅಚ್ಚುಕಟ್ಟಾಗಿ ಅಲ್ಲ. ಒಂದು ಕೋಶ ಮಿಣುಕುವಾಗ ಪಕ್ಕದ್ದು ಆರಿರುತ್ತಿತ್ತು. ಲೆಕ್ಕಕ್ಕೂ ಕಂಡದ್ದಕ್ಕೂ ನಡುವಿನ ಈ ಅಂತರದಿಂದ ಹೊಸ ಪ್ರಶ್ನೆಗಳು ಹುಟ್ಟಿದವು. ಜೀವಕೋಶದೊಳಗಿನ ಗದ್ದಲ, ಅಂದರೆ ಅಣುಗಳ ಎಣಿಕೆ ಆಕಸ್ಮಿಕವಾಗಿ ಹೆಚ್ಚುಕಡಿಮೆಯಾಗುವುದು, ಅವುಗಳಲ್ಲಿ ಒಂದು.

2003ರ ಜನವರಿಯಲ್ಲಿ, ಎರಡು ಸೆಮಿಸ್ಟರ್‌ಗಳ ನಡುವಿನ ಬಿಡುವಿನಲ್ಲಿ, ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳಿಗೆ ಒಂದು ತಿಂಗಳ ಕೋರ್ಸ್ ನಡೆಯಿತು. ಕೆಲಸ: ಮಿಣುಕುವ ಬ್ಯಾಕ್ಟೀರಿಯಾದ ವಿನ್ಯಾಸ ಮಾಡಿ. ಉತ್ತರ ಮೇಷ್ಟ್ರಿಗೂ ಗೊತ್ತಿರಲಿಲ್ಲ. 2004ರಲ್ಲಿ ಐದು ವಿಶ್ವವಿದ್ಯಾಲಯಗಳು ಸೇರಿ ಇದನ್ನು ಸ್ಪರ್ಧೆ ಮಾಡಿದವು. ಮುಂದೆ ಐಜೆಮ್ ಎಂದು ಹೆಸರಾದ ಈ ಸ್ಪರ್ಧೆಯಲ್ಲಿ ಪದವಿ ವಿದ್ಯಾರ್ಥಿಗಳ ತಂಡ ಒಂದು ಬೇಸಿಗೆಯಲ್ಲಿ ಯೋಜನೆ ರೂಪಿಸಿ, ಲೆಕ್ಕ ಹಾಕಿ, ಬ್ಯಾಕ್ಟೀರಿಯಾದಲ್ಲಿ ಕಟ್ಟಿ, ಅಳೆದು, ಕೊನೆಗೆ ಎಲ್ಲರೆದುರು ವಿವರಿಸಬೇಕು. ಬಳಸಿದ ಜೀನ್ ತುಣುಕುಗಳನ್ನು ಮುಂದಿನ ವರ್ಷದ ತಂಡಗಳಿಗಾಗಿ ಸಾರ್ವಜನಿಕ ಉಗ್ರಾಣಕ್ಕೆ ಒಪ್ಪಿಸಬೇಕಿತ್ತು.

2006ರಲ್ಲಿ ಇದು ಬೆಂಗಳೂರಿಗೆ ಬಂತು. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ, ಅಂದರೆ ಎನ್‌ಸಿಬಿಎಸ್, ಭಾರತದ ಮೊದಲ ತಂಡವನ್ನು ಕಳಿಸಿತು. ಮಾರ್ಗದರ್ಶಿ ಮುಕುಂದ್ ತಟ್ಟೈ. ಎಂಐಟಿಯಲ್ಲಿ ಭೌತಶಾಸ್ತ್ರದ ಹಾದಿಯಿಂದ ಬಂದವರು, ಜೀವಕೋಶದೊಳಗಿನ ಆ ಗದ್ದಲದ ಬಗ್ಗೆಯೇ 2001ರಲ್ಲಿ ತಮ್ಮ ಗುರುಗಳ ಜೊತೆ ಬರೆದವರು. ಎನ್‌ಸಿಬಿಎಸ್ ಕೂಡ ಟಿಐಎಫ್‌ಆರ್‌ನ ಭಾಗ. ರಸೀನ್ ತಮ್ಮ ಹುಡುಗರನ್ನು ಕಳಿಸಿದ ಅದೇ ಸಂಸ್ಥೆ, ಒಬೈದ್ ಸಿದ್ದಿಕಿಯವರ ಮುಂದಾಳತ್ವದಲ್ಲಿ, ಬೆಂಗಳೂರಿನಲ್ಲಿ ಜೀವವಿಜ್ಞಾನಕ್ಕೆ ಮನೆ ಕಟ್ಟಿತ್ತು. ಎರಡು ವರ್ಷದ ನಂತರ, 2008ರಲ್ಲಿ, ಚೆನ್ನೈನ ಐಐಟಿ ಮದ್ರಾಸ್‌ನ ವಿದ್ಯಾರ್ಥಿಗಳೂ ಹೊರಟರು. ಶಾಖ, ಹಸಿವು ಮುಂತಾದ ಕಷ್ಟಗಳಿಗೆ ಬ್ಯಾಕ್ಟೀರಿಯಾ ಓಗೊಡುವ ಜೀನ್ ಸ್ವಿಚ್ಚುಗಳನ್ನು ಒಂದು ಕಿಟ್ ಆಗಿ ಜೋಡಿಸುವುದು ಅವರ ಯೋಜನೆ.

2009ರ ತಂಡ ಇವೆಲ್ಲಕ್ಕಿಂತ ವಿಚಿತ್ರ. ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು, ಕಲಾವಿದ ಯಶಸ್ ಶೆಟ್ಟಿಯವರ ಮಾರ್ಗದರ್ಶನದಲ್ಲಿ, ಆರ್ಟ್‌ಸೈನ್ಸ್ ಬ್ಯಾಂಗಲೋರ್ ಎಂಬ ಹೆಸರಿನಲ್ಲಿ ಸ್ಪರ್ಧೆಗಿಳಿದರು. ಅವರು ಬಯಾಲಜಿಯವರಲ್ಲ, ಗಣಿತದವರೂ ಅಲ್ಲ. ಅವರು ಆಯ್ದುಕೊಂಡದ್ದು ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ. ಆ ವಾಸನೆಯ ಮುಖ್ಯ ಅಣು ಜಿಯೋಸ್ಮಿನ್. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ, ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಅದನ್ನು ತಯಾರಿಸುವ ಕಿಣ್ವದ ಜೀನ್ ಅನ್ನು ಇ. ಕೋಲಿಗೆ ಹಾಕಿ, ಪ್ರಯೋಗಶಾಲೆಯ ತಟ್ಟೆಯಲ್ಲಿ ಮಳೆಯ ವಾಸನೆ ಬರಿಸುವುದು ಅವರ ಯೋಜನೆ. ಈ ಮಕ್ಕಳು ಪಿಪೆಟ್ ಹಿಡಿಯುವುದನ್ನು ಕಲಿತದ್ದು ಪಿಪೆಟ್ ಬೇಕಾದಾಗ. ಅವರ ಕೈಯಲ್ಲಿ ಸೀನಿಯರ್‌ಗಳ ರೆಕಾರ್ಡ್ ಇರಲಿಲ್ಲ.

ಇಡ್ಲಿ ಹಿಟ್ಟಿನ ಲೆಕ್ಕ

ಐಜೆಮ್‌ಗೆ ಸಾವಿರಾರು ಡಾಲರ್ ನೋಂದಣಿ ಶುಲ್ಕವಿದೆ, ವಿದೇಶ ಪ್ರಯಾಣದ ಖರ್ಚಿದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿಗೆ ಅದು ಎಟುಕುವ ಮಾತಲ್ಲ. ಆದರೆ ಆ ಪಾಠದ ತಿರುಳಿಗೆ ಹಣ ಬೇಕಿಲ್ಲ.

ಇಡ್ಲಿ ಹಿಟ್ಟನ್ನೇ ತೆಗೆದುಕೊಳ್ಳೋಣ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಉಬ್ಬುವುದಕ್ಕೆ ಮುಖ್ಯ ಕಾರಣ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು 1965ರಲ್ಲೇ ಪ್ರಕಟವಾಗಿದೆ. ಅದು ಬಿಡುವ ಅನಿಲದಿಂದ ಹಿಟ್ಟು ಏಳುತ್ತದೆ, ಆಮ್ಲದಿಂದ ಹುಳಿ ಬರುತ್ತದೆ. ಹುಳಿ ಹೆಚ್ಚಿದಂತೆ ಅದರ ಬೆಳವಣಿಗೆಗೇ ಕಷ್ಟ, ಆಗ ಹುಳಿ ತಡೆಯಬಲ್ಲ ಬೇರೆ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಒಂದರ ಬದುಕು ಇನ್ನೊಂದಕ್ಕೆ ದಾರಿ ಮಾಡಿಕೊಟ್ಟು ತನ್ನ ದಾರಿ ಮುಚ್ಚಿಕೊಳ್ಳುವ ವ್ಯವಸ್ಥೆ ಇದು. ಗಾಜಿನ ಲೋಟದ ಮೇಲೆ ಗಂಟೆಗೊಂದು ಗೆರೆ ಎಳೆದರೆ ಉಬ್ಬಿದ ಅಳತೆ ಸಿಗುತ್ತದೆ. ಪಿಎಚ್ ಕಾಗದ ಅದ್ದಿದರೆ ಹುಳಿಯ ಅಳತೆ. ಬೆಳವಣಿಗೆಯ ಸಮೀಕರಣ ಪದವಿಯ ಗಣಿತದಲ್ಲೇ ಇದೆ. ಚೆನ್ನೈನ ಮೇ ತಿಂಗಳಲ್ಲಿ ಎಷ್ಟು ಗಂಟೆ, ಬೆಂಗಳೂರಿನ ಡಿಸೆಂಬರಿನಲ್ಲಿ ಎಷ್ಟು, ಉಪ್ಪು ಮೊದಲೇ ಹಾಕಿದರೆ ಏನು, ಉದ್ದು ಕಡಿಮೆಯಾದರೆ ಏನು ಎಂದು ಮೊದಲು ಲೆಕ್ಕ ಹಾಕಿ ಬರೆದಿಟ್ಟು, ಆಮೇಲೆ ಅಳೆದು ನೋಡಬಹುದು. ಲೆಕ್ಕ ತಪ್ಪಬಹುದು. ಹಾಗೆ ತಪ್ಪಿದಾಗ ಸಿಬಿಝಡ್‌ನ ಹುಡುಗಿ ಪಿಸಿಎಂನ ಹುಡುಗನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಇಬ್ಬರೂ ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಬೇಕಾಗುತ್ತದೆ.

ಇದಕ್ಕೆ ಬೇಕಾದದ್ದು ಒಂದೇ. "ನನಗೂ ಗೊತ್ತಿಲ್ಲ, ನೋಡೋಣ" ಎನ್ನಬಲ್ಲ ಮೇಷ್ಟ್ರು, ಮತ್ತು ಹಾಗೆಂದ ಮೇಷ್ಟ್ರನ್ನು ಪಠ್ಯ ಮುಗಿಸಲಿಲ್ಲವೆಂದು ಗದರಿಸದ ವ್ಯವಸ್ಥೆ.

ಯಾರ ನಾಲ್ಕನೇ ವರ್ಷ?

ಆ ವ್ಯವಸ್ಥೆಯ ಪ್ರಶ್ನೆ ಈಗ ಬಿಸಿಯಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪದವಿಗೆ ನಾಲ್ಕನೇ ವರ್ಷವೊಂದನ್ನು ಸೇರಿಸಿ, ಅದರಲ್ಲಿ ಸಂಶೋಧನೆಗೆ ಜಾಗ ಮಾಡಿತು. 2021–22ರಲ್ಲಿ ಅದನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೂ ಕರ್ನಾಟಕವೇ. ತಮಿಳುನಾಡು ಆ ನೀತಿಯನ್ನು ಒಪ್ಪಲೇ ಇಲ್ಲ. ಇನ್ನೊಂದು ವರ್ಷದ ಖರ್ಚನ್ನು ಬಡವರ ಮಕ್ಕಳು ಹೇಗೆ ಹೊರಬೇಕು ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಸಂಶೋಧನೆಯ ರುಚಿ ಹತ್ತದೆಯೇ ಪದವಿ ಮುಗಿಯುತ್ತದೆ ಎಂಬ ಕೊರಗೂ ಹುರುಳಿಲ್ಲದ್ದಲ್ಲ.

ಆದರೆ ಎರಡೂ ಪಕ್ಷದವರು ಸಂಶೋಧನೆಯನ್ನು ಕೊನೆಯಲ್ಲಿ ಬರುವ ಸಂಗತಿ ಎಂದು ಒಪ್ಪಿಕೊಂಡಂತಿದೆ. 2022ರ ಡಿಸೆಂಬರಿನ ಯುಜಿಸಿ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡ 75 ಅಂಕ ಪಡೆದವರು ಮಾತ್ರ ನಾಲ್ಕನೇ ವರ್ಷ ಸಂಶೋಧನೆ ಆಯ್ದುಕೊಳ್ಳಬಹುದು. ಮೂರು ವರ್ಷ ಗೊತ್ತಿರುವ ಉತ್ತರಗಳನ್ನು ಸರಿಯಾಗಿ ಬರೆದವರಿಗೆ ಬಹುಮಾನವಾಗಿ ಗೊತ್ತಿಲ್ಲದ ಪ್ರಶ್ನೆ. ಶರೀರಶಾಸ್ತ್ರದಲ್ಲಿ ಫೇಲಾದ ರಾಮಾನುಜನ್ ಈ ಬಾಗಿಲಿನ ಹೊರಗೇ ನಿಲ್ಲುತ್ತಿದ್ದರು. ಸೃಷ್ಟಿಯ ಆ ವಿದ್ಯಾರ್ಥಿಗಳ ಬಳಿ ತೋರಿಸಲು ಬಯಾಲಜಿಯ ಅಂಕಪಟ್ಟಿಯೇ ಇರುತ್ತಿರಲಿಲ್ಲ.

ಈ ಇತಿಹಾಸ ಹೇಳುವುದು ಬೇರೆ. ಎಂಐಟಿಯ ಮೊದಲ ಕೋರ್ಸಿಗೆ ಸಿಕ್ಕದ್ದು ಒಂದು ತಿಂಗಳು. ಸ್ವಾಮಿಯವರಿಗೆ ಸಿಗುತ್ತಿದ್ದದ್ದು ಒಂದು ಪ್ರವಾಸ. ರಸೀನ್‌ಗೆ ಬೇರೆ ವರ್ಷವೇನೂ ಸಿಗಲಿಲ್ಲ, ಇದ್ದ ತರಗತಿಯೊಳಗೇ ಅವರು ಬೇರೆ ಗಣಿತ ತಂದರು. ಮೊದಲ ಸೆಮಿಸ್ಟರಿನ ಹತ್ತು ಪ್ರ್ಯಾಕ್ಟಿಕಲ್‌ಗಳಲ್ಲಿ ಒಂದೇ ಒಂದು ಉತ್ತರ ಗೊತ್ತಿಲ್ಲದ ಪ್ರ್ಯಾಕ್ಟಿಕಲ್ ಆಗಿದ್ದರೆ, ಮೂರು ವರ್ಷವೋ ನಾಲ್ಕೋ ಎಂಬ ಜಗಳದ ಕಾವು ಅರ್ಧ ಇಳಿಯುತ್ತದೆ.

ನುಂಗಂಬಾಕ್ಕಂನ ಕಾಲೇಜ್ ರೋಡಿನಲ್ಲಿ ಎಲ್ಲಿಸ್‌ನ ಕಾಲೇಜು ಇದ್ದ ಆವರಣದಲ್ಲಿ ಈಗ ತಮಿಳುನಾಡಿನ ಶಿಕ್ಷಣ ಇಲಾಖೆಯ ಕಚೇರಿಗಳಿವೆ. ಕನ್ನಡವೂ ತಮಿಳೂ ಒಂದೇ ಮನೆಯ ಮಕ್ಕಳು ಎಂಬ ತಿಳಿವಳಿಕೆ ಎಳೆಯರಿಗೆ ಪಾಠ ಹೇಳಲು ಮಾಡಿಟ್ಟ ಧಾತುಪಟ್ಟಿಯೊಂದರಿಂದ ಹೊರಬಂತು. ಅದು ಯಾವ ಪ್ರಶ್ನೆಪತ್ರಿಕೆಯಲ್ಲೂ ಇರಲಿಲ್ಲ.